ರೋಮನ್ನರ ಚಿನ್ನದ ನಾಣ್ಯಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ರೋಮನ್ ನಾಣ್ಯದ ಫೋಟೊ ತೋರಿಸಿದರೆ ಎಲ್ಲರೂ ಮೊದಲು ಕೇಳುವುದು ಒಂದೇ: ‘ಇದು ಯಾರ ಮುಖ?’ ಎರಡನೇ ಪ್ರಶ್ನೆ: ‘ಈಗ ಎಷ್ಟು ಬೆಲೆ ಬಾಳುತ್ತೆ?’ ಎರಡಕ್ಕೂ ಉತ್ತರ ಇಲ್ಲಿದೆ. ಆದರೆ ನನಗೆ ನಾಣ್ಯದ ಹಿಂಬದಿಯೇ ಹೆಚ್ಚು ಇಷ್ಟ. ಯಾರು ಆಳುತ್ತಿದ್ದರು ಅಂತ ಮುಂಬದಿ ಹೇಳುತ್ತದೆ. ಆಳುವವನು ಜನರಿಗೆ ಏನು ನಂಬಿಸಲು ಹೊರಟಿದ್ದ ಅನ್ನುವುದು ಹಿಂಬದಿಯಲ್ಲಿ ಇರುತ್ತದೆ. ಹಾಗಾಗಿ ಮಾತು ಆಗಾಗ ಆ ಕಡೆಗೇ ವಾಲಿದರೆ ಬೇಜಾರು ಮಾಡಿಕೊಳ್ಳಬೇಡಿ.

ಆರಿಯಸ್ ಅಂದರೆ ಏನು?

ರೋಮನ್ನರ ಚಿನ್ನದ ನಾಣ್ಯದ ಹೆಸರು. ಲ್ಯಾಟಿನ್‌ನಲ್ಲಿ ಚಿನ್ನಕ್ಕೆ ‘ಆರಮ್’ ಅನ್ನುತ್ತಾರೆ. ‘ಆರಿಯಸ್’ ಅಂದರೆ ಚಿನ್ನದ್ದು, ಅಷ್ಟೇ. ನಮ್ಮಲ್ಲಿ ‘ಹೊನ್ನು’ ಅಂದರೆ ಲೋಹವೂ ಹೌದು, ನಾಣ್ಯವೂ ಹೌದಲ್ವಾ, ಹಾಗೆ.

ಮೊದಲು ರೋಮ್‌ನಲ್ಲಿ ಚಿನ್ನದ ನಾಣ್ಯ ಅಪರೂಪ. ಬೆಳ್ಳಿಯ ಡಿನೇರಿಯಸ್‌ನದೇ ಓಡಾಟ. ಚಿನ್ನವನ್ನು ರಾಶಿ ರಾಶಿ ಹೊಡೆಸಿದವನು ಜೂಲಿಯಸ್ ಸೀಸರ್, ಕ್ರಿ.ಪೂ. 46ರಲ್ಲಿ. ಗಾಲ್ ದೇಶ (ಈಗಿನ ಫ್ರಾನ್ಸ್ ಕಡೆ) ಗೆದ್ದು ಬಂದಿದ್ದ, ಸೈನಿಕರಿಗೆ ಕೊಟ್ಟ ಮಾತು ಬಾಕಿ ಇತ್ತು, ಹಣ ಬೇಕಾಗಿತ್ತು. ಒಂದು ರೋಮನ್ ಪೌಂಡು ಚಿನ್ನದಲ್ಲಿ 40 ನಾಣ್ಯ ಅಂತ ಲೆಕ್ಕ ಮಾಡಿದ. ಒಂದೊಂದು ಸುಮಾರು 8 ಗ್ರಾಮ್. ಅಂದರೆ ನಮ್ಮ ಅಂಗಡಿ ಲೆಕ್ಕದಲ್ಲಿ ಹೆಚ್ಚುಕಡಿಮೆ ಒಂದು ಸವರನ್! ಅಗಲ ಈಗಿನ ಒಂದು ರೂಪಾಯಿ ನಾಣ್ಯದ ಆಸುಪಾಸು, ತೂಕ ಮಾತ್ರ ಅದರ ಎರಡು ಪಟ್ಟಿಗೂ ಜಾಸ್ತಿ. ಚಿನ್ನವೂ ಹೆಚ್ಚುಕಡಿಮೆ ಅಪ್ಪಟ.

ಆಗಿನ ಕಾಲಕ್ಕೆ ಅದರ ಬೆಲೆ ಎಷ್ಟು?

ಒಂದು ಆರಿಯಸ್‌ಗೆ 25 ಡಿನೇರಿಯಸ್ ಬೆಳ್ಳಿ. ಹಿತ್ತಾಳೆಯ ಸೆಸ್ಟರ್ಷಿಯಸ್ ಆದರೆ 100. ತಾಮ್ರದ ‘ಆಸ್’ ಆದರೆ 400.

ರೋಮ್‌ನ ಮೊದಲ ಚಕ್ರವರ್ತಿ ಅಗಸ್ಟಸ್‌ನ ಕಾಲದಲ್ಲಿ ಸಾಮಾನ್ಯ ಸೈನಿಕನ ವರ್ಷದ ಸಂಬಳ 225 ಡಿನೇರಿಯಸ್, ಅಂದರೆ 9 ಆರಿಯಸ್. ಅದನ್ನು ಮೂರು ಕಂತಿನಲ್ಲಿ ಕೊಡುತ್ತಿದ್ದರು. ಪಾಂಪೇಯಿ ಊರಿನ ಒಂದು ಹೆಂಡದಂಗಡಿ ಗೋಡೆ ಮೇಲೆ ದರಪಟ್ಟಿ ಗೀಚಿದ್ದಾರೆ. ಒಂದು ಆಸ್‌ಗೆ ಸಾದಾ ವೈನ್, ಎರಡಕ್ಕೆ ಒಳ್ಳೆಯದು, ನಾಲ್ಕಕ್ಕೆ ಹೆಸರುವಾಸಿ ಫಲೆರ್ನಿಯನ್. ಹಾಗಾದರೆ ಒಂದು ಆರಿಯಸ್ ಕೈಯಲ್ಲಿದ್ದರೆ ಸಾದಾ ವೈನ್ 400 ಸಲ ಕುಡಿಯಬಹುದಿತ್ತು. ಹೆಂಡದಂಗಡಿಗೆ ಚಿನ್ನ ಹಿಡಿದು ಹೋದವನಿಗೆ ಚಿಲ್ಲರೆ ಸಿಗುತ್ತಿತ್ತಾ ಅನ್ನುವುದು ಬೇರೆ ಮಾತು.

ಮಲೆನಾಡಿನವರಿಗೆ ಇನ್ನೊಂದು ಲೆಕ್ಕ. ರೋಮ್‌ನಲ್ಲಿ ಕರಿಮೆಣಸು ಪೌಂಡಿಗೆ 4 ಡಿನೇರಿಯಸ್ ಅಂತ ಆ ಕಾಲದ ರೋಮನ್ ಲೇಖಕ ಪ್ಲಿನಿ ಬರೆದಿದ್ದಾನೆ. ರೋಮನ್ ಪೌಂಡು ಈಗಿನ ಸುಮಾರು 327 ಗ್ರಾಮ್. ಗುಣಿಸಿ ನೋಡಿ: ಒಂದು ಸವರನ್ ಚಿನ್ನ ಕೊಟ್ಟರೆ ಬರುತ್ತಿದ್ದದ್ದು ಎರಡು ಕೆಜಿ ಮೆಣಸು.

ಇಷ್ಟು ಚಿನ್ನ ಎಲ್ಲಿಂದ ಬಂತು?

ಲೂಟಿಯಿಂದ ಮತ್ತು ಗಣಿಯಿಂದ. ಸ್ಪೇನ್‌ನ ವಾಯವ್ಯ ಮೂಲೆಯಲ್ಲಿ ಲಾಸ್ ಮೆಡುಲಾಸ್ ಎಂಬ ಜಾಗ ಇದೆ. ಗುಡ್ಡದೊಳಗೆ ಸುರಂಗ ಕೊರೆದು, ಮೇಲಿನ ಕೆರೆಯ ನೀರನ್ನು ಒಮ್ಮೆಲೇ ಬಿಟ್ಟು, ಗುಡ್ಡವನ್ನೇ ಕುಸಿಸಿ, ಮಣ್ಣು ತೊಳೆದು ಚಿನ್ನ ತೆಗೆಯುತ್ತಿದ್ದರು. ಅಲ್ಲಿನ ಕೆಂಪು ಮಣ್ಣಿನ ಮೊನಚು ದಿಬ್ಬಗಳು ಈಗಲೂ ಹಾಗೇ ನಿಂತಿವೆ. ಟ್ರಾಜನ್ ದೊರೆ ಗೆದ್ದ ಮೇಲೆ ಡೇಷಿಯಾದ (ಈಗಿನ ರೊಮೇನಿಯಾ) ಗಣಿಗಳೂ ಸೇರಿಕೊಂಡವು.

ಯಂತ್ರ ಇಲ್ಲದೆ ಇಷ್ಟು ಸೂಕ್ಷ್ಮ ಚಿತ್ರ ಹೇಗೆ ಮೂಡಿಸಿದರು?

ಸುತ್ತಿಗೆಯಿಂದ. ಕೆಳಗೆ ಅಡಿಗಲ್ಲಿನಂಥ ಕಟ್ಟೆಯಲ್ಲಿ ಒಂದು ಅಚ್ಚು ಹುದುಗಿಸಿರುತ್ತದೆ. ಅದರ ಮೇಲೆ ತೂಕ ಸರಿ ಮಾಡಿದ ಚಿನ್ನದ ಬಿಲ್ಲೆ. ಅದರ ಮೇಲೆ ಉಳಿಯಂತೆ ಕೈಯಲ್ಲಿ ಹಿಡಿದ ಇನ್ನೊಂದು ಅಚ್ಚು. ಮೇಲಿಂದ ಒಂದು ಬಲವಾದ ಏಟು. ಎರಡೂ ಬದಿ ಒಂದೇ ಸಲಕ್ಕೆ ಮೂಡುತ್ತವೆ. ಚಿನ್ನ ಮೆದು, ಹಾಗಾಗಿ ಅಚ್ಚಿನಲ್ಲಿರುವ ಕೂದಲ ಎಳೆಯೂ ಬಂದುಬಿಡುತ್ತದೆ.

ಅಚ್ಚು ಕೊರೆಯುವವನೇ ಇಲ್ಲಿ ನಿಜವಾದ ಕಲಾವಿದ. ಎಲ್ಲವನ್ನೂ ತಲೆಕೆಳಗಾಗಿ ಯೋಚಿಸಬೇಕು: ಎಡ ಇದ್ದದ್ದು ಬಲ, ಉಬ್ಬು ಇದ್ದದ್ದು ತಗ್ಗು, ಅಕ್ಷರಗಳು ಕನ್ನಡಿಯಲ್ಲಿ ಕಂಡ ಹಾಗೆ. ಅದೂ ಎರಡು ಸೆಂಟಿಮೀಟರ್ ಜಾಗದಲ್ಲಿ. ಒಬ್ಬರ ಹೆಸರೂ ನಮಗೆ ಉಳಿದಿಲ್ಲ.

ಏಟು ಕೊಂಚ ಓರೆಯಾದರೆ ಚಿತ್ರ ಪಕ್ಕಕ್ಕೆ ಸರಿಯುತ್ತದೆ. ಅದಕ್ಕೇ ಒಂದು ಆರಿಯಸ್ ಇನ್ನೊಂದರ ಹಾಗೆ ಇರುವುದಿಲ್ಲ. ರೋಮ್‌ನ ಹಳೆಯ ಟಂಕಸಾಲೆ ಜೂನೋ ಮೊನೇಟಾ ದೇವಿಯ ಗುಡಿಯ ಹತ್ತಿರ ಇತ್ತು. ಇಂಗ್ಲಿಷಿನ ‘ಮನಿ’, ‘ಮಿಂಟ್’ ಎರಡೂ ಆ ಮೊನೇಟಾಳಿಂದಲೇ ಹುಟ್ಟಿದ್ದು.

ಮುಖ ಹಾಕಿಸಿಕೊಂಡ ಮೊದಲ ರೋಮನ್ ಯಾರು?

ಸತ್ತವರ ಮುಖ, ದೇವರ ಮುಖ ಹಾಕುವುದು ಹಳೆಯ ವಾಡಿಕೆ. ಬದುಕಿರುವ ಮನುಷ್ಯ ತನ್ನ ಮುಖವನ್ನು ರೋಮ್‌ನ ನಾಣ್ಯದ ಮೇಲೆ ಹಾಕಿಸಿಕೊಳ್ಳುವುದು ಮಾತ್ರ ರಾಜರ ಚಾಳಿ ಅಂತ ಅಲ್ಲಿ ಬೈಗುಳ. ಅದನ್ನು ಮುರಿದವನು ಸೀಸರ್, ಕ್ರಿ.ಪೂ. 44ರ ಆರಂಭದಲ್ಲಿ, ಬೆಳ್ಳಿಯ ಮೇಲೆ. ಆ ವರ್ಷ ಮಾರ್ಚ್ 15ಕ್ಕೆ ಅವನನ್ನು ಇರಿದು ಕೊಂದರು.

ಎರಡು ಕಠಾರಿ ಇರುವ ಆ ನಾಣ್ಯದ ಕಥೆ ಏನು?

ಇದನ್ನು ಕೇಳದವರೇ ಇಲ್ಲ. ಸೀಸರ್‌ನನ್ನು ಕೊಂದವರಲ್ಲಿ ಒಬ್ಬನಾದ ಬ್ರೂಟಸ್, ಓಡಿಹೋಗಿ ಗ್ರೀಸ್ ಕಡೆ ಸೈನ್ಯ ಕಟ್ಟುತ್ತಿದ್ದಾಗ ಹೊಡೆಸಿದ್ದು, ಕ್ರಿ.ಪೂ. 43–42ರಲ್ಲಿ. ಹಿಂಬದಿಯಲ್ಲಿ ಎರಡು ಕಠಾರಿ. ಹಿಡಿಗಳನ್ನು ಬೇರೆ ಬೇರೆ ತೋರಿಸಿದ್ದಾರೆ, ಇಬ್ಬರ ಕಠಾರಿ ಅಂತ ಗೊತ್ತಾಗಲಿ ಎಂದು. ನಡುವೆ ಒಂದು ಬೋಳು ಟೋಪಿ. ಬಿಡುಗಡೆಯಾದ ಗುಲಾಮನಿಗೆ ತೊಡಿಸುತ್ತಿದ್ದ ಟೋಪಿ ಅದು. ಕೆಳಗೆ ‘ಈಡ್ ಮಾರ್’, ಅಂದರೆ ಮಾರ್ಚ್ ತಿಂಗಳ ನಡುದಿನ, ಕೊಲೆಯ ತಾರೀಖು. ಕೊಂದೆವು, ಬಿಡುಗಡೆ ತಂದೆವು, ಇಂಥ ದಿನ. ಮೂರು ಮಾತು, ಮೂರು ಚಿತ್ರ, ಎಲ್ಲಾ ಬೆರಳುಗುರಿನಷ್ಟು ಜಾಗದಲ್ಲಿ.

ಈಗ ತಿರುಗಿಸಿ ನೋಡಿ. ಮುಂಬದಿಯಲ್ಲಿ ಯಾರ ಮುಖ? ಬ್ರೂಟಸ್‌ದೇ! ಬದುಕಿದ್ದಾಗಲೇ ಮುಖ ಹಾಕಿಸಿಕೊಂಡ ಅಂತ ಸೀಸರ್ ಮೇಲೆ ಸಿಟ್ಟು, ಎರಡು ವರ್ಷದೊಳಗೆ ತಾನೇ ಅದನ್ನೇ ಮಾಡಿದ. ಸೈನಿಕರಿಗೆ ಸಂಬಳ ಯಾರು ಕೊಡುತ್ತಿದ್ದಾರೆ ಅಂತ ಗೊತ್ತಾಗಬೇಕಲ್ಲ!

ಇದು ಬೆಳ್ಳಿಯಲ್ಲಿ ಸುಮಾರು ಸಿಕ್ಕಿದೆ, ಚಿನ್ನದಲ್ಲಿ ಬೆರಳೆಣಿಕೆ. ಅಂಥ ಒಂದು ಚಿನ್ನದ ನಾಣ್ಯ 2020ರ ಅಕ್ಟೋಬರ್‌ನಲ್ಲಿ ಲಂಡನ್‌ನ ಹರಾಜಿನಲ್ಲಿ ಸುಮಾರು 42 ಲಕ್ಷ ಡಾಲರ್‌ಗೆ ಹೋಯಿತು. ಆಮೇಲೆ ನೋಡಿದರೆ ಅದು ಎಲ್ಲಿಂದ ಬಂತು ಅನ್ನುವ ಕಾಗದಪತ್ರವೇ ಸುಳ್ಳು. 2023ರಲ್ಲಿ ನ್ಯೂಯಾರ್ಕ್‌ನ ಸರ್ಕಾರಿ ವಕೀಲರ ಕಚೇರಿ ಅದನ್ನು ಗ್ರೀಸ್‌ಗೆ ವಾಪಸ್ ಕೊಡಿಸಿತು.

ನೀರೋ ಮತ್ತು ಅವನ ತಾಯಿ ಒಂದೇ ನಾಣ್ಯದಲ್ಲಿ ಇದ್ದಾರಂತೆ, ಹೌದಾ?

ಹೌದು. ನನ್ನನ್ನು ಕೇಳಿದರೆ ರೋಮನ್ ಚಿನ್ನದಲ್ಲಿ ಇದಕ್ಕಿಂತ ಒಳ್ಳೆಯ ಕಥೆ ಇಲ್ಲ. ಎರಡು ನಾಣ್ಯ ಪಕ್ಕಪಕ್ಕ ಇಟ್ಟುಕೊಳ್ಳಿ.

ಮೊದಲನೆಯದು ಕ್ರಿ.ಶ. 54ರದು. ನೀರೋಗೆ ಆಗ 16 ವರ್ಷ, ಹೊಸದಾಗಿ ಪಟ್ಟಕ್ಕೆ ಬಂದಿದ್ದ. ನಾಣ್ಯದಲ್ಲಿ ತಾಯಿ ಅಗ್ರಿಪ್ಪೀನಾ, ಮಗ ನೀರೋ ಎದುರುಬದುರು, ಮೂಗಿಗೆ ಮೂಗು ತಾಗುವ ಹಾಗೆ. ಸಮಸಮ ಅಂತ ಕಾಣುತ್ತದೆ. ಆದರೆ ಸುತ್ತಲ ಅಕ್ಷರ ಓದಿ. ಮುಂಬದಿಯಲ್ಲಿ ಇರುವುದು ಅಮ್ಮನ ಬಿರುದುಗಳು. ಮಗನ ಬಿರುದು ಹಿಂಬದಿಗೆ ಹೋಗಿದೆ! ಆಳುವವರು ಯಾರು ಅಂತ ಬೇರೆ ಹೇಳಬೇಕಾ?

ಎರಡನೆಯದು ಮರುವರ್ಷದ್ದು, 55. ಈಗ ಇಬ್ಬರೂ ಒಂದೇ ಕಡೆ ಮುಖ ಮಾಡಿದ್ದಾರೆ, ಒಬ್ಬರ ಹಿಂದೆ ಒಬ್ಬರು. ಮುಂದೆ ನೀರೋ. ಅಮ್ಮನದು ಹಿಂದಿನಿಂದ ಇಣುಕುವ ಒಂದು ಗೆರೆ: ಹಣೆ, ಮೂಗು, ಗಲ್ಲ, ಅಷ್ಟೇ. ಬಿರುದುಗಳೂ ಜಾಗ ಬದಲಿಸಿವೆ. ಮುಂಬದಿ ಮಗನಿಗೆ, ಹಿಂಬದಿ ಅಮ್ಮನಿಗೆ. ಹಿಂದೆ ನಾಲ್ಕು ಆನೆ ಎಳೆಯುವ ತೇರು, ಅದರ ಮೇಲೆ ತೀರಿಕೊಂಡ ದೊರೆ ಕ್ಲಾಡಿಯಸ್ ದೇವರಾಗಿ ಕೂತಿದ್ದಾನೆ.

ಆಮೇಲೆ ಚಿನ್ನದ ಮೇಲೆ ಅಗ್ರಿಪ್ಪೀನಾಳ ಮುಖ ಇಲ್ಲವೇ ಇಲ್ಲ. 59ರಲ್ಲಿ ಮಗನೇ ಅವಳನ್ನು ಕೊಲ್ಲಿಸಿದ.

ನೀರೋನ ಮುಂದಿನ ನಾಣ್ಯಗಳನ್ನು ಸಾಲಾಗಿ ನೋಡಿದರೆ ಇನ್ನೊಂದು ತಮಾಷೆ. ಕತ್ತು ವರ್ಷ ವರ್ಷಕ್ಕೂ ದಪ್ಪ ಆಗುತ್ತ ಹೋಗುತ್ತದೆ. ಕೂದಲು ಹಣೆಯ ಮೇಲೆ ಅಲೆಅಲೆಯಾಗಿ ಏರುತ್ತದೆ. ಅಚ್ಚು ಕೊರೆದವನು ಏನನ್ನೂ ಮುಚ್ಚಿಟ್ಟಿಲ್ಲ. ಈಗಿನ ಕಾಲದಲ್ಲಾದರೆ ಫಿಲ್ಟರ್ ಹಾಕಿಬಿಡುತ್ತಿದ್ದರು.

ಹಿಂಬದಿಯಲ್ಲಿ ಯಾವಾಗಲೂ ಒಬ್ಬ ಹೆಂಗಸು ಇರುತ್ತಾಳೆ. ಯಾರವಳು?

ಒಬ್ಬಳಲ್ಲ, ಬೇಕಾದಷ್ಟು ಜನ. ರೋಮನ್ನರು ಗುಣಗಳನ್ನೆಲ್ಲ ಹೆಂಗಸರ ರೂಪದಲ್ಲಿ ಕಂಡರು. ಮುಖ ನೋಡಿ ಗುರುತು ಹಿಡಿಯಲು ಆಗಲ್ಲ. ಕೈಯಲ್ಲಿ ಏನಿದೆ ನೋಡಬೇಕು. ವೀಣೆ ಇದ್ದರೆ ಸರಸ್ವತಿ, ಕಮಲ ಇದ್ದರೆ ಲಕ್ಷ್ಮಿ ಅಂತ ನಾವು ಗುರುತಿಸುವುದಿಲ್ವಾ, ಅದೇ ಲೆಕ್ಕ.

ಆಲಿವ್ ಕೊಂಬೆ ಹಿಡಿದಿದ್ದರೆ ಪಾಕ್ಸ್, ಶಾಂತಿ. ತಕ್ಕಡಿ ಇದ್ದರೆ ಎಕ್ವಿಟಾಸ್, ನ್ಯಾಯವಾದ ಅಳತೆ. ದೋಣಿಯ ಚುಕ್ಕಾಣಿ ಇದ್ದರೆ ಫಾರ್ಚೂನಾ, ಅದೃಷ್ಟ. ಹಾವಿಗೆ ತಟ್ಟೆಯಲ್ಲಿ ಉಣಿಸುತ್ತಿದ್ದರೆ ಸಾಲುಸ್, ಆರೋಗ್ಯ. ರೆಕ್ಕೆ ಇದ್ದು ಕೈಯಲ್ಲಿ ಮಾಲೆ ಇದ್ದರೆ ವಿಕ್ಟೋರಿಯಾ, ಗೆಲುವು. ಒಂದು ಕೈಯಲ್ಲಿ ಹೂವು, ಇನ್ನೊಂದರಲ್ಲಿ ಲಂಗದ ನೆರಿಗೆ ಎತ್ತಿ ಹಿಡಿದು ಹೆಜ್ಜೆ ಇಡುತ್ತಿರುವವಳು ಸ್ಪೆಸ್, ಭರವಸೆ. ನನಗೆ ಇವಳೇ ಎಲ್ಲರಿಗಿಂತ ಇಷ್ಟ. ಕೆಸರಲ್ಲಿ ಸೀರೆ ಎತ್ತಿಕೊಂಡು ಹುಷಾರಾಗಿ ನಡೆಯುವ ಹಾಗಿದ್ದಾಳೆ.

ಒಂದು ಕಿವಿಮಾತು: ಯಾವ ಗುಣವನ್ನು ಜಾಸ್ತಿ ಹೊಗಳಿದ್ದಾರೋ ಅದರದೇ ಕೊರತೆ ಇತ್ತು ಅಂತ ಅನುಮಾನ ಪಡಬಹುದು. ಸೈನ್ಯ ದಂಗೆ ಏಳುವ ಕಾಲದಲ್ಲೇ ‘ಸೈನ್ಯದ ನಿಷ್ಠೆ’ ಅಂತ ಬರೆದ ನಾಣ್ಯಗಳು ಹೆಚ್ಚಾಗುತ್ತವೆ. ದೊರೆ ಸೆಪ್ಟಿಮಿಯಸ್ ಸೆವೆರಸ್‌ನ ಒಂದು ಆರಿಯಸ್‌ನಲ್ಲಿ ಅವನ ಹೆಂಡತಿ ಜೂಲಿಯಾ ಡೊಮ್ನಾ ನೇರ ನಮ್ಮನ್ನೇ ನೋಡುತ್ತಾಳೆ. ಅವಳ ಎರಡೂ ಪಕ್ಕ ಇಬ್ಬರು ಮಕ್ಕಳು, ಕರಕಲ್ಲ ಮತ್ತು ಗೇಟ, ಎದುರುಬದುರು. ಸುತ್ತ ‘ಈ ಯುಗದ ಸುಖ’ ಅಂತ ಬರಹ. ಹತ್ತು ವರ್ಷದೊಳಗೆ, 211ರ ಕೊನೆಗೆ, ಅಣ್ಣ ಕರಕಲ್ಲ ತಮ್ಮನನ್ನು ಅದೇ ತಾಯಿಯ ಕಣ್ಣೆದುರೇ ಕೊಲ್ಲಿಸಿದ. ಊರೂರಿನ ಶಾಸನಗಳಿಂದ ಗೇಟನ ಹೆಸರನ್ನು ಉಳಿಯಲ್ಲಿ ಕೆತ್ತಿ ಅಳಿಸಿದರು. ನಾಣ್ಯದಲ್ಲಿ ಮಾತ್ರ ಮೂರೂ ಜನ ಒಟ್ಟಿಗೆ ಉಳಿದುಬಿಟ್ಟರು.

ಮೊಸಳೆ, ಮೊಲ, ಅಳುವ ಹೆಂಗಸು… ಇವೆಲ್ಲ ಏನು?

ಗೆದ್ದ ದೇಶಗಳು. ಅಗಸ್ಟಸ್ ಈಜಿಪ್ಟ್ ಗೆದ್ದ ಮೇಲೆ ಒಂದು ಮೊಸಳೆ, ‘ಈಜಿಪ್ಟೊ ಕಾಪ್ಟಾ’ (ಈಜಿಪ್ಟ್ ಸೆರೆ) ಅಂತ ಹೊಡೆಸಿದ. ವೆಸ್ಪೇಷಿಯನ್‌ನ ಆರಿಯಸ್‌ನಲ್ಲಿ ಒಬ್ಬ ಹೆಂಗಸು ಗಲ್ಲಕ್ಕೆ ಕೈ ಹಚ್ಚಿ ನೆಲದ ಮೇಲೆ ಕೂತಿದ್ದಾಳೆ. ಹಿಂದೆ ಕಿತ್ತುಕೊಂಡ ಆಯುಧಗಳನ್ನು ನೇತುಹಾಕಿದ ಕಂಬ. ಕೆಳಗೆ ‘ಯುಡಾಯಾ’, ಯೆಹೂದಿಗಳ ನಾಡು. ಕ್ರಿ.ಶ. 70ರಲ್ಲಿ ಜೆರುಸಲೇಮ್ ಸುಟ್ಟ ಮೇಲಿನ ನಾಣ್ಯ ಇದು. ಹೇಡ್ರಿಯನ್‌ದು ಬೇರೆ ಸ್ವಭಾವ. ಅವನು ದೇಶ ಸುತ್ತುವವನು. ಸ್ಪೇನ್ ಅವನ ನಾಣ್ಯದಲ್ಲಿ ಸೆರೆಯಾಳಲ್ಲ, ಆಲಿವ್ ಕೊಂಬೆ ಹಿಡಿದ ಹೆಂಗಸು, ಕಾಲ ಬಳಿ ಒಂದು ಮೊಲ.

ಕ್ಲಾಡಿಯಸ್‌ನ ಕಥೆ ಇನ್ನೂ ಚೆನ್ನಾಗಿದೆ. 43ರಲ್ಲಿ ಬ್ರಿಟನ್ ಮೇಲೆ ದಂಡೆತ್ತಿ ಹೋದ. 46ರ ಹೊತ್ತಿಗೆ ಅವನ ಆರಿಯಸ್ ಮೇಲೆ ಒಂದು ವಿಜಯದ ಕಮಾನು, ಮೇಲೆ ಕುದುರೆ ಸವಾರ, ‘ಡೇ ಬ್ರಿಟಾನ್’ ಅಂತ ಬರಹ. ಕಮಾನು ನಿಜಕ್ಕೂ ಕಟ್ಟಿ ಮುಗಿದದ್ದು 51ರ ಸುಮಾರಿಗೆ. ಕಟ್ಟಡಕ್ಕಿಂತ ಮೊದಲೇ ಫ್ಲೆಕ್ಸ್ ಬಂತು!

ಇನ್ನು ಬೀರೇನ್ಸ್‌ನ ಪದಕ. 1922ರಲ್ಲಿ ಫ್ರಾನ್ಸ್‌ನ ಅರಾಸ್ ಹತ್ತಿರ ಇಟ್ಟಿಗೆ ಮಣ್ಣು ಅಗೆಯುವಾಗ ಸಿಕ್ಕ ನಿಧಿಯಲ್ಲಿತ್ತು. ಹತ್ತು ಆರಿಯಸ್ ತೂಕ, 50 ಗ್ರಾಮ್‌ಗೂ ಹೆಚ್ಚು. ದಂಗೆಕೋರರ ಕೈಲಿದ್ದ ಬ್ರಿಟನ್ ಅನ್ನು 296ರಲ್ಲಿ ದೊರೆ ಕಾನ್‌ಸ್ಟಾಂಷಿಯಸ್ ವಾಪಸ್ ಪಡೆದದ್ದಕ್ಕೆ ಹೊಡೆಸಿದ್ದು. ಒಂದು ಪಕ್ಕ ಕೋಟೆ ಬಾಗಿಲು. ಅದರ ಮುಂದೆ ಮಂಡಿಯೂರಿ ಕೈ ಚಾಚಿದ ಹೆಂಗಸು, ಕೆಳಗೆ ‘ಲಾನ್’ ಅಂತ ಮೂರಕ್ಷರ. ಲಂಡನ್ ಪಟ್ಟಣವೇ ಅವಳು. ಎದುರಿಗೆ ಕುದುರೆ ಮೇಲೆ ದೊರೆ, ಕೆಳಗೆ ನೀರಲ್ಲಿ ಹುಟ್ಟು ಹಾಕುವ ಹಡಗು. ಸುತ್ತ ಬರಹ: ‘ಶಾಶ್ವತ ಬೆಳಕನ್ನು ಮರಳಿ ತಂದವನು’.

ಸುತ್ತಲಿನ ಅಕ್ಷರ ಓದುವುದು ಹೇಗೆ? ಎಲ್ಲ ಅರ್ಧರ್ಧ ಪದ.

ಜಾಗ ಸಾಲದು, ಅದಕ್ಕೆ. ನಾಲ್ಕೈದು ತುಂಡು ಗೊತ್ತಿದ್ದರೆ ಸಾಕು. ‘ಇಂಪ್’ ಅಂದರೆ ಇಂಪರೇಟರ್, ದಂಡನಾಯಕ. ‘ಆಗ್’ ಅಂದರೆ ಅಗಸ್ಟಸ್, ದೊರೆ. ‘ದಿವಿ ಎಫ್’ ಅಂದರೆ ದೇವರಾದವನ ಮಗ, ಅಪ್ಪ ಸತ್ತು ದೇವರಾಗಿದ್ದಾನೆ ಅಂತ. ‘ಕಾಸ್’ ಅಂದರೆ ಕಾನ್ಸಲ್, ರೋಮ್‌ನ ಒಂದು ದೊಡ್ಡ ಹುದ್ದೆ; ಪಕ್ಕದ ಸಂಖ್ಯೆ ಎಷ್ಟನೇ ಸಲ ಅಂತ ಹೇಳುತ್ತದೆ. ‘ಟಿಆರ್ ಪಿ’ ಕಂಡರೆ ಖುಷಿಪಡಿ. ಅದು ವರ್ಷ ವರ್ಷ ನವೀಕರಿಸುವ ಅಧಿಕಾರ. ಅದರ ಸಂಖ್ಯೆಯಿಂದ ನಾಣ್ಯದ ವರ್ಷ ಹೆಚ್ಚುಕಡಿಮೆ ಸಿಕ್ಕಿಬಿಡುತ್ತದೆ. ‘ಯು’ ಅಕ್ಷರದ ಜಾಗದಲ್ಲಿ ‘ವಿ’ ಇರುತ್ತದೆ, ತಪ್ಪು ಅಂದುಕೊಳ್ಳಬೇಡಿ.

ಆರಿಯಸ್ ಯಾಕೆ ನಿಂತುಹೋಯಿತು?

ತೂಕ ಇಳಿಯುತ್ತ ಬಂತು. ರೋಮ್ ಬೆಂದ ವರ್ಷ, 64ರಲ್ಲಿ, ನೀರೋ ಪೌಂಡಿಗೆ 45 ನಾಣ್ಯ ಮಾಡಿದ. ಕರಕಲ್ಲ 50 ಮಾಡಿದ. ಮೂರನೇ ಶತಮಾನದ ಗದ್ದಲದಲ್ಲಿ ಲೆಕ್ಕವೇ ತಪ್ಪಿತು. ಡಯೋಕ್ಲಿಷಿಯನ್ 60ಕ್ಕೆ ನಿಲ್ಲಿಸಲು ನೋಡಿದ. ಕೊನೆಗೆ ಕಾನ್‌ಸ್ಟಂಟೈನ್ 72 ಮಾಡಿದ. ಅದೇ ‘ಸಾಲಿಡಸ್’. ನಾಲ್ಕೂವರೆ ಗ್ರಾಮ್. ತೂಕ ಕಮ್ಮಿ ಆದರೂ ನಂಬಿಕೆ ಗಟ್ಟಿ. ಏಳು ನೂರು ವರ್ಷ ಅದರ ಚಿನ್ನಕ್ಕೆ ಹೆಚ್ಚೇನೂ ಕಲಬೆರಕೆ ಬೀಳಲಿಲ್ಲ. ಅದನ್ನು ಸಂಬಳವಾಗಿ ಪಡೆಯುತ್ತಿದ್ದವನೇ ‘ಸೋಲ್ಜರ್’.

ಇವು ದಕ್ಷಿಣ ಭಾರತಕ್ಕೆ ಹೇಗೆ ಬಂದವು?

ಮೆಣಸು, ಮುತ್ತು, ಹರಳು ಕೊಳ್ಳಲು. ಅವರ ಹತ್ತಿರ ನಮಗೆ ಬೇಕಾದದ್ದು ಹೆಚ್ಚೇನೂ ಇರಲಿಲ್ಲ. ಹಾಗಾಗಿ ಚಿನ್ನ, ಬೆಳ್ಳಿಯನ್ನೇ ತಂದರು. ಯವನರ (ಗ್ರೀಕರು, ರೋಮನ್ನರು) ಹಡಗುಗಳು ಚಿನ್ನ ತಂದು ಮೆಣಸು ಹೊತ್ತು ಹೋಗುತ್ತವೆ ಅಂತ ತಮಿಳಿನ ಸಂಗಂ ಕವಿತೆ ಹೇಳುತ್ತದೆ. ಇಂಡಿಯಾ ವರ್ಷಕ್ಕೆ ಐದು ಕೋಟಿ ಸೆಸ್ಟರ್ಷಿಯಸ್ ನುಂಗುತ್ತದೆ ಅಂತ ಪ್ಲಿನಿ ಗೊಣಗಿದ್ದಾನೆ. ಅಂದರೆ ಐದು ಲಕ್ಷ ಆರಿಯಸ್! ಆ ಅಂಕಿ ಪೂರ್ತಿ ನಂಬಬೇಕಿಲ್ಲ, ಗೊಣಗಾಟ ಮಾತ್ರ ನಿಜ.

ಕೇರಳದ ವಳ್ಳುವಳ್ಳಿಯಲ್ಲಿ 1983ರಲ್ಲಿ 252 ಆರಿಯಸ್ ಒಟ್ಟಿಗೆ ಸಿಕ್ಕವು. ತಮಿಳುನಾಡಿನ ಪುದುಕ್ಕೋಟೈ ಸೀಮೆಯಲ್ಲಿ 1898ರಲ್ಲಿ 501. ಅಗಸ್ಟಸ್, ಟೈಬೀರಿಯಸ್ ಕಾಲದ ಎರಡು ಚಿತ್ರ ಇಲ್ಲಿ ಮತ್ತೆ ಮತ್ತೆ ಸಿಗುತ್ತವೆ. ಒಂದು, ಕೊಂಬೆ ಹಿಡಿದು ಕೂತ ಹೆಂಗಸು. ಇನ್ನೊಂದು, ಗುರಾಣಿ ಈಟಿ ಇಟ್ಟುಕೊಂಡು ನಿಂತ ಇಬ್ಬರು ಹುಡುಗರು. ಅವರು ಅಗಸ್ಟಸ್‌ನ ಮೊಮ್ಮಕ್ಕಳು, ಗಾಯಸ್ ಮತ್ತು ಲೂಷಿಯಸ್. ಪಟ್ಟಕ್ಕೆ ಬರಬೇಕಾದವರು. ಲೂಷಿಯಸ್ ಕ್ರಿ.ಶ. 2ರಲ್ಲಿ, ಗಾಯಸ್ 4ರಲ್ಲಿ ತೀರಿಕೊಂಡರು. ಅವರ ಚಿತ್ರ ಮಾತ್ರ ನಮ್ಮ ಕರಾವಳಿಯ ಸಂತೆಗಳಲ್ಲಿ ಓಡಾಡುತ್ತಲೇ ಇತ್ತು.

ಕರ್ನಾಟಕದಲ್ಲಿ ಸಿಕ್ಕಿವೆಯಾ?

ಸಿಕ್ಕಿವೆ. ಆದರೆ ಹೆಚ್ಚಿನವು ಬೆಳ್ಳಿ. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ ರೈಲು ಹಳಿ ಕೆಲಸದ ವೇಳೆ 163 ಡಿನೇರಿಯಸ್ ಸಿಕ್ಕವು. 1965ರಲ್ಲಿ ಎಚ್‌ಎಎಲ್ ವಿಮಾನ ನಿಲ್ದಾಣದ ಹತ್ತಿರ 256. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಅಗೆದಾಗಲೂ ಬಂದಿವೆ.

ಚಿನ್ನ ಬೇಕಾದರೆ ಹಾನಗಲ್ ತಾಲ್ಲೂಕಿನ ಅಕ್ಕಿಆಲೂರಿಗೆ ಹೋಗಬೇಕು. ಅಲ್ಲಿನ ನಿಧಿಯಲ್ಲಿ ಐದು, ಆರನೇ ಶತಮಾನದ ಸಾಲಿಡಸ್‌ಗಳಿದ್ದವು. ಅಷ್ಟು ಹೊತ್ತಿಗೆ ರಾಜಧಾನಿ ಕಾನ್‌ಸ್ಟಾಂಟಿನೋಪಲ್‌ಗೆ ಹೋಗಿತ್ತು. ಇತ್ತ ಬನವಾಸಿಯಲ್ಲಿ ಕದಂಬರ ಕಾಲ. ಈ ನಾಣ್ಯಗಳಲ್ಲಿ ದೊರೆಯ ಪಕ್ಕಮುಖ ಇಲ್ಲ. ಶಿರಸ್ತ್ರಾಣ ತೊಟ್ಟು, ಭುಜದ ಮೇಲೆ ಈಟಿ ಇಟ್ಟು, ಎದುರು ನೋಡುತ್ತಾನೆ. ಹಿಂದೆ ವಿಕ್ಟೋರಿಯಾ ಉದ್ದನೆಯ ಶಿಲುಬೆ ಹಿಡಿದು ನಿಂತಿದ್ದಾಳೆ.

ಕೆಲವು ನಾಣ್ಯಗಳಲ್ಲಿ ತೂತು, ಕೆಲವದರಲ್ಲಿ ಕಚ್ಚು. ಯಾಕೆ?

ತೂತು ಸುಲಭ: ಸರಕ್ಕೆ ಪೋಣಿಸಲು. ನಮ್ಮ ಕಾಸಿನ ಸರದ ಆಸೆ ನಿನ್ನೆ ಮೊನ್ನೆಯದಲ್ಲ. ದಕ್ಷಿಣ ಭಾರತದಲ್ಲಿ ಸಿಕ್ಕ ಸಾಲಿಡಸ್‌ಗಳನ್ನು ಹತ್ತಿರದಿಂದ ನೋಡಿ. ದೊರೆಯ ತಲೆಯ ಮೇಲೆ ಸರಿಯಾಗಿ ಎರಡು ತೂತು, ಅಕ್ಕಪಕ್ಕ. ಒಂದೇ ತೂತಾದರೆ ನಾಣ್ಯ ಎದೆಯ ಮೇಲೆ ತಿರುಗುತ್ತದೆ. ಎರಡಿದ್ದರೆ ಮುಖ ನೆಟ್ಟಗೆ ನಿಲ್ಲುತ್ತದೆ. ಯಾವನೋ ಅಕ್ಕಸಾಲಿಗ ಯೋಚಿಸಿ ಮಾಡಿದ್ದು. ಚಿನ್ನ ಸಾಲದವರಿಗೆ ಇಲ್ಲೇ ಮಾಡಿದ ನಕಲುಗಳಿದ್ದವು. ತೆಲಂಗಾಣದ ಕೊಂಡಾಪುರದಲ್ಲಿ ಟೈಬೀರಿಯಸ್‌ನ ಮುಖವನ್ನು ಮಣ್ಣಿನಲ್ಲಿ ಒತ್ತಿದ ಪದಕಗಳೂ ಸಿಕ್ಕಿವೆ.

ಕಚ್ಚಿನ ವಿಷಯ ಇನ್ನೂ ಚರ್ಚೆಯಲ್ಲಿದೆ. ಪುದುಕ್ಕೋಟೈ ನಿಧಿಯ ಬಹುಪಾಲು ನಾಣ್ಯಗಳಲ್ಲಿ ದೊರೆಯ ಮುಖದ ಮೇಲೇ ಉಳಿಯ ಏಟು ಬಿದ್ದಿದೆ. ಒಳಗೆ ಬೇರೆ ಲೋಹ ಇದೆಯಾ ಅಂತ ಪರೀಕ್ಷೆ ಮಾಡಿದರು ಅಂತ ಕೆಲವರು. ಪರದೇಶಿ ದೊರೆಯ ನಾಣ್ಯ ಇಲ್ಲಿ ಚಲಾವಣೆಯಾಗಬಾರದು, ತೂಕದ ಚಿನ್ನವಾಗಿ ಮಾತ್ರ ಉಳಿಯಲಿ ಅಂತ ಕೆಲವರು. ನನಗೆ ಎರಡನೆಯದು ಸರಿ ಅನ್ನಿಸುತ್ತದೆ. ಪರೀಕ್ಷೆಗಾದರೆ ಅಂಚು ಕತ್ತರಿಸಿದರೆ ಸಾಕಿತ್ತು, ಮೂಗು ಕೆನ್ನೆಯೇ ಯಾಕೆ ಬೇಕು?

ನಕಲಿ ಕಂಡುಹಿಡಿಯುವುದು ಹೇಗೆ?

ನಾನು ಮೊದಲು ಕೊಂಡ ‘ರೋಮನ್ ಚಿನ್ನ’ ಹಿತ್ತಾಳೆಯದು. ಪ್ರವಾಸದಲ್ಲಿದ್ದಾಗ ಅಂಗಡಿಯವನು ‘ಹೊಲದಲ್ಲಿ ಸಿಕ್ಕಿದ್ದು’ ಅಂತ ಪಿಸುಗುಟ್ಟಿದ, ನಾನು ಕರಗಿಹೋದೆ. ಮನೆಗೆ ಬಂದು ಭೂತಗನ್ನಡಿ ಹಿಡಿದರೆ ಅಂಚಿನ ಸುತ್ತ ಸಣ್ಣ ಗೆರೆ, ಎರಡು ಅರ್ಧ ಜೋಡಿಸಿದ ಗುರುತು. ಮೈಮೇಲೆ ಸೂಜಿ ಚುಚ್ಚಿದಂಥ ಗುಳಿಗಳು, ಎರಕ ಹೊಯ್ದಾಗ ಗಾಳಿಗುಳ್ಳೆಯಿಂದ ಆದವು. ಅಸಲಿ ನಾಣ್ಯ ಎರಕದ್ದಲ್ಲ, ಏಟಿನದ್ದು. ಅಕ್ಷರದ ಬುಡ ಚೂಪಾಗಿರುತ್ತದೆ, ಸಾಬೂನಿನ ಹಾಗೆ ನುಣುಪಲ್ಲ. ತೂಕ ಹಾಕಿ. ಚಿನ್ನದ ಗಾತ್ರಕ್ಕೆ ತಕ್ಕ ಭಾರ ಬೇರೆ ಲೋಹದಲ್ಲಿ ಬರುವುದು ಕಷ್ಟ.

ಎರಕದ ಮಾತು ಬಂದಿದ್ದಕ್ಕೆ ಹೇಳುತ್ತೇನೆ. 1713ರಲ್ಲಿ ಟ್ರಾನ್ಸಿಲ್ವೇನಿಯಾದಲ್ಲಿ ‘ಸ್ಪಾನ್ಸಿಯನ್’ ಎಂಬ ದೊರೆಯ ಚಿನ್ನದ ನಾಣ್ಯಗಳು ಸಿಕ್ಕವು ಅಂತ ಸುದ್ದಿ. ಇತಿಹಾಸದಲ್ಲಿ ಅಂಥ ದೊರೆಯೇ ಇಲ್ಲ. ಎಲ್ಲರೂ ನಕಲಿ ಅಂದರು. 2022ರಲ್ಲಿ ಕೆಲವು ಸಂಶೋಧಕರು ಸವೆತ, ಅಂಟಿದ ಮಣ್ಣು ಪರೀಕ್ಷಿಸಿ ಅಸಲಿ ಅಂತ ವಾದಿಸಿದರು. ನಾಣ್ಯ ತಜ್ಞರು ಹಲವರು ಒಪ್ಪಲಿಲ್ಲ. ಅವು ಎರಕ ಹೊಯ್ದವು. ನಾನೂ ಒಪ್ಪದವರ ಕಡೆ.

ಹೊಲ ಉಳುವಾಗ ಸಿಕ್ಕರೆ ಇಟ್ಟುಕೊಳ್ಳಬಹುದಾ?

ಇಲ್ಲ. 1878ರ ನಿಧಿ ಕಾಯ್ದೆ ಪ್ರಕಾರ ಹತ್ತು ರೂಪಾಯಿಗಿಂತ ಹೆಚ್ಚು ಬಾಳುವ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ಕರ್ನಾಟಕಕ್ಕೆ ತನ್ನದೇ ನಿಧಿ ಕಾಯ್ದೆಯೂ ಇದೆ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯ ಲೆಕ್ಕದಲ್ಲಿ ಪ್ರಾಚ್ಯವಸ್ತು. ಅದನ್ನು ದೇಶದಿಂದ ಹೊರಗೆ ಸಾಗಿಸುವಂತಿಲ್ಲ. ದಯವಿಟ್ಟು ತೊಳೆಯಲೂ ಬೇಡಿ, ಕರಗಿಸಲೂ ಬೇಡಿ. ಯಾವ ಮಡಕೆಯಲ್ಲಿ, ಎಷ್ಟು ಆಳದಲ್ಲಿ, ಯಾವುದರ ಜೊತೆ ಸಿಕ್ಕಿತು ಅನ್ನುವುದೇ ಅರ್ಧ ಕಥೆ.

ವಿದೇಶದ ಹರಾಜುಗಳಲ್ಲಿ ಸಾಧಾರಣ ಆರಿಯಸ್‌ಗೂ ರೂಪಾಯಿ ಲೆಕ್ಕದಲ್ಲಿ ಲಕ್ಷಗಳು. ಸಾಲಿಡಸ್ ಅದಕ್ಕಿಂತ ಅಗ್ಗ. ಎಲ್ಲಿಂದ ಬಂತು ಅನ್ನುವ ಹಳೆಯ ದಾಖಲೆ ಇಲ್ಲದ್ದನ್ನು ಮುಟ್ಟಲೇಬೇಡಿ. ಬ್ರೂಟಸ್‌ನ ನಾಣ್ಯದ ಗತಿ ಗೊತ್ತಲ್ಲ.

ಎಲ್ಲಿ ನೋಡಬಹುದು?

ಹತ್ತಿರದಲ್ಲಿ ಅಂದರೆ ಚೆನ್ನೈನ ಎಗ್ಮೋರ್ ಸರ್ಕಾರಿ ವಸ್ತುಸಂಗ್ರಹಾಲಯ. ದಕ್ಷಿಣದ ರೋಮನ್ ನಾಣ್ಯಗಳ ದೊಡ್ಡ ಸಂಗ್ರಹ ಅಲ್ಲಿದೆ. ಲಂಡನ್‌ಗೆ ಹೋದವರು ಬ್ರಿಟಿಷ್ ಮ್ಯೂಸಿಯಂನಲ್ಲಿ ಪುದುಕ್ಕೋಟೈ ನಿಧಿಯ ನಾಣ್ಯಗಳನ್ನು ಹುಡುಕಬಹುದು. ಜರ್ಮನಿಯಲ್ಲಿರುವವರು ಟ್ರಿಯರ್‌ಗೆ ಹೋಗಿ. 1993ರಲ್ಲಿ ಕಟ್ಟಡ ಕೆಲಸದ ಅಗೆತದಲ್ಲಿ ಸಿಕ್ಕ 2500ಕ್ಕೂ ಹೆಚ್ಚು ಆರಿಯಸ್ ಅಲ್ಲಿವೆ, ಹದಿನೆಂಟೂವರೆ ಕೆಜಿ. 2019ರಲ್ಲಿ ಕಳ್ಳರು ನುಗ್ಗಿದ್ದರು. ಗಾಜು ಒಡೆಯಲಾಗದೆ ಓಡಿದರು.

ಒಂದು ತೊಂದರೆ ಎಲ್ಲ ಕಡೆ ಇದ್ದದ್ದೇ. ಗಾಜಿನ ಪೆಟ್ಟಿಗೆಯಲ್ಲಿ ನಾಣ್ಯ ಮುಖ ಮೇಲೆ ಮಾಡಿ ಮಲಗಿರುತ್ತದೆ. ಬೆನ್ನು ಕಾಣಲ್ಲ. ಹಾಗಾಗಿ ಪಕ್ಕದ ಚೀಟಿಯಲ್ಲಿರುವ ದೊರೆಯ ಹೆಸರು, ವರ್ಷ ಬರೆದುಕೊಳ್ಳಿ. ರಾತ್ರಿ ರೂಮಿಗೆ ಬಂದು, ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿಯವರು ಇಂಟರ್ನೆಟ್‌ನಲ್ಲಿ ಪುಕ್ಕಟೆ ಇಟ್ಟಿರುವ ರೋಮನ್ ನಾಣ್ಯಗಳ ಪಟ್ಟಿಯಲ್ಲಿ ಅದನ್ನು ಹುಡುಕಿ. ಎರಡೂ ಬದಿಯ ಫೋಟೊ ಇರುತ್ತದೆ.